ತಗಡಿನ ಮೇಲಿನ ಹೆಸರು

ಗಫೂರ್ ಅಂಕಲ್ ತಮ್ಮ ಗೇಟಿನ ಚಿಲಕ ಹಾಕಿ ಹತ್ತು ಹೆಜ್ಜೆ ನಡೆಯುತ್ತಿದ್ದರು. ನಿಲ್ಲುತ್ತಿದ್ದರು. ತಿರುಗಿ ಬಂದು ಚಿಲಕವನ್ನು ಅಲುಗಾಡಿಸಿ ನೋಡುತ್ತಿದ್ದರು. ಮತ್ತೆ ಹತ್ತು ಹೆಜ್ಜೆ, ಮತ್ತೆ ವಾಪಸ್ಸು. ಮೂರನೆಯ ಸಲ ನೋಡಿದ ಮೇಲೆಯೇ ಬೀದಿಯ ತಿರುವು ದಾಟುತ್ತಿದ್ದರು. ವಿಮಾನಪುರದಲ್ಲಿ ನಮ್ಮ ಮನೆ ಅವರ ಮನೆಗೆ ಎದುರು. ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯ ಬಳಿ ನಿಲ್ಲುವ ನಾನು ಇದನ್ನು ನೋಡದ ದಿನವಿರಲಿಲ್ಲ. ನಮ್ಮ ಪಕ್ಕದ ಮನೆಯ ಜಯಲಕ್ಷ್ಮಿ ಆಂಟಿ ಕಸದ ಬಕೆಟ್ಟು ಹಿಡಿದು ನಿಂತು ಕೂಗುತ್ತಿದ್ದರು: "ಸಾಹೇಬ್ರೇ, ಚಿಲಕ ಎಲ್ಲೂ ಓಡೋಗಲ್ಲ! ನಾನು ನೋಡ್ಕೋತೀನಿ, ಹೋಗ್ಬನ್ನಿ!"

"ನೀವು ನೋಡಿದ್ರೂ ನಾನು ನೋಡ್ಬೇಕಲ್ಲಮ್ಮಾ," ಎನ್ನುತ್ತಿದ್ದರು ಅವರು. "ಮೂವತ್ತೆಂಟು ವರ್ಷ ಹೆದ್ರೋದಕ್ಕೇ ಸಂಬಳ ಕೊಟ್ಟಿದಾರೆ ನಂಗೆ."

ಅದು ತಮಾಷೆಯ ಮಾತಲ್ಲ. ಅವರು ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಬಿಗಿದ ನಟ್ಟು ಸಡಿಲವಿರಬಹುದು, ಬೇರೆಯವರು ಹೊಡೆದ ರಿವೆಟ್ಟಿನ ಪಕ್ಕ ಕೂದಲೆಳೆಯಷ್ಟು ಬಿರುಕಿರಬಹುದು ಎಂದು ದಿನವಿಡೀ ಅನುಮಾನಿಸುವುದು ಅವರ ಉದ್ಯೋಗ. ತಾವು ಮಾತ್ರ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ತಲೆಯ ಮೇಲೆ ಪರೀಕ್ಷಾ ಹಾರಾಟದ ಸದ್ದು ಕೇಳಿದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಎಡಗೈಯನ್ನು ಎದೆಗೆ ಒತ್ತಿ ನಿಂತುಬಿಡುತ್ತಿದ್ದರು. ಸದ್ದು ಪೂರ್ತಿ ಅಡಗಿದ ಮೇಲೆ "ಇಳೀತು" ಎಂದು ಮಾತು ಮುಂದುವರಿಸುತ್ತಿದ್ದರು. ಒಳಗೆ ಕೂತವನ ಅಮ್ಮನಿಗಿಂತ ಹೆಚ್ಚು ಹೆದರಿದವರ ಹಾಗೆ ಕಾಣುತ್ತಿದ್ದರು.

ನಾನೂ ಹೆದರುವ ಜಾತಿಯವಳೇ, ಆದರೆ ನನ್ನ ಹೆದರಿಕೆಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಅಮ್ಮ. ಅಮ್ಮ ವಿಮಾ ಕಚೇರಿಯಿಂದ ನಿವೃತ್ತಳಾದವಳು. ನಾನು ಸಂಖ್ಯಾಶಾಸ್ತ್ರ ಓದಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಗೇಟಿಗೆ ಹೆಸರಿನ ಫಲಕವಿಲ್ಲ. ಹಾಕಿಸುವುದು ಬೇಡ ಎಂದವಳು ನಾನೇ. ಇಲ್ಲಿ ಇಬ್ಬರು ಹೆಂಗಸರಷ್ಟೇ ಇದ್ದಾರೆಂದು ದಾರಿಯಲ್ಲಿ ಹೋಗುವವರಿಗೆ ಯಾಕೆ ತಿಳಿಸಬೇಕು?

ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಜಾಗವಿತ್ತು. ಬಡಾವಣೆಯ ನಕ್ಷೆಯಲ್ಲಿ ಅದು ಪಾರ್ಕು. ನೋಡಲು ಮಾತ್ರ ಒಡೆದ ಕಾಂಕ್ರೀಟು, ಹರಿದ ಹಾಸಿಗೆ, ಎದೆಯೆತ್ತರದ ಪಾರ್ಥೇನಿಯಂ. ಬಸ್‌ಸ್ಟಾಪಿಗೆ ಹೋಗಲು ಅದನ್ನು ದಾಟಲೇಬೇಕು. ನಾನು ಅಲ್ಲಿ ಓಡುನಡಿಗೆಯಲ್ಲಿ, ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಆ ಗಿಡಗಂಟಿಗಳ ನಡುವಿನಿಂದ ಯಾರೋ ನನ್ನನ್ನು ಕರೆದಾಗ ಎದೆ ಧಸಕ್ಕೆಂದಿತು. ನೋಡಿದರೆ ಗಫೂರ್ ಅಂಕಲ್, ಕೈಯಲ್ಲಿ ಅಳತೆಯ ಟೇಪು.

"ಬೇಟಾ, ಒಂದು ನಿಮಿಷ. ನೀನು ಲೆಕ್ಕ ಓದಿದೋಳಲ್ವಾ? ಗಿಡ ನೆಡೋ ಗುಂಡಿಗೆ ಗುರುತು ಹಾಕಿದೀನಿ. ಗುಂಡಿಯಿಂದ ಗುಂಡಿಗೆ ಹನ್ನೆರಡು ಅಡಿ. ಸ್ವಲ್ಪ ಚೆಕ್ ಮಾಡು."

"ನೀವೇ ಅಳತೆ ಮಾಡಿದೀರಲ್ಲ ಅಂಕಲ್."

"ಅದಕ್ಕೇ. ಮಾಡಿದೋನು ನೋಡಬಾರ್ದು. ಮಾಡಿದೋನ ಕಣ್ಣಿಗೆ ತಪ್ಪು ಕಾಣಲ್ಲ. ಎರಡನೇ ಕಣ್ಣು ಬೇಕು."

ಹೀಗೆ, ಯಾರ ಜೊತೆಗೂ ಎರಡು ಮಾತಿಗಿಂತ ಹೆಚ್ಚು ಆಡದ ನಾನು ಅವರ ಎರಡನೆಯ ಕಣ್ಣಾದೆ. ಅರವತ್ತೆರಡು ಗುರುತುಗಳಲ್ಲಿ ಒಂದು ಮಾತ್ರ ಅರ್ಧ ಅಡಿ ಆಚೆಗಿತ್ತು. ಅದನ್ನು ಹೇಳಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ತಪ್ಪು ಸಿಗದಿದ್ದರೆ ಅವರಿಗೆ ಭಯ, ಸಿಕ್ಕರೆ ನೆಮ್ಮದಿ.

ಅಲ್ಲಿ ಗಿಡ ನೆಡಲು ಅನುಮತಿ ಪತ್ರ ತರಲು ಅವರು ಪಾಲಿಕೆ ಕಚೇರಿಗೆ ಅಲೆದ ಕಥೆ ಬೇರೆಯೇ ಇದೆ. ಅಂತೂ ಮುಂಗಾರಿನ ಒಂದು ಭಾನುವಾರ ಇಡೀ ಬೀದಿ ಬಂದು ಗಿಡ ನೆಟ್ಟಿತು: ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ. ಅಂದು ಗಫೂರ್ ಅಂಕಲ್ ಒಂದು ಮರದ ಪೆಟ್ಟಿಗೆ ತೆರೆದರು. ಒಳಗೆ ಸಾಲಾಗಿ ಉಕ್ಕಿನ ಅಚ್ಚುಗಳು, ಒಂದೊಂದರ ತುದಿಗೂ ಒಂದು ಇಂಗ್ಲಿಷ್ ಅಕ್ಷರ ಅಥವಾ ಅಂಕಿ. ತಗಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆದರೆ ಅಕ್ಷರ ಒಳಗಿಳಿಯುತ್ತಿತ್ತು. ಪ್ರತಿ ಗಿಡಕ್ಕೆ ಒಂದು ಅಲ್ಯೂಮಿನಿಯಂ ತಗಡು. ಅದರ ಮೇಲೆ ಗಿಡದ ನಂಬರು, ನೀರು ಹಾಕಿ ನೋಡಿಕೊಳ್ಳುವವರ ಹೆಸರು, ಮನೆಯ ನಂಬರು. ವಿಮಾನದ ಪ್ರತಿಯೊಂದು ಭಾಗಕ್ಕೂ ಯಾರು ಮಾಡಿದ್ದು, ಯಾರು ನೋಡಿದ್ದು ಎಂಬ ಗುರುತಿರುತ್ತದೆಯಂತೆ. ಅವರಿಗೆ ಬೇರೆ ರೀತಿ ತಿಳಿದಿರಲಿಲ್ಲ.

"ನನ್ ಹೆಸ್ರು ಪೂರ್ತಿ ಹೊಡೀರಿ ಸಾಹೇಬ್ರೇ," ಎಂದರು ಜಯಲಕ್ಷ್ಮಿ ಆಂಟಿ. "ಜಯಲಕ್ಷ್ಮಿ ವೆಂಕಟನಾರಾಯಣ. ತಗಡು ಸಾಲ್ದಿದ್ರೆ ಎರಡು ಹಾಕಿ, ಗಿಡಕ್ಕೇನು ಭಾರಾನಾ?"

ನನ್ನ ಸರದಿ ಬಂದಾಗ ಮೆಲ್ಲಗೆ ಕೇಳಿದೆ, "ನಂಗೆ ಬರೀ ನಂಬರ್ ಸಾಕಲ್ವಾ ಅಂಕಲ್?"

ಅವರು ಸುತ್ತಿಗೆ ಕೆಳಗಿಟ್ಟರು. "ನಂಬರ್‌ಗೆ ನಾಚಿಕೆ ಇರಲ್ಲ ಬೇಟಾ. ಹೆಸರಿಗೆ ಇರ್ತದೆ. ಹೆಸರಿದ್ರೆ ನೀರು ಹಾಕ್ತೀಯ."

ಮೂವತ್ತೇಳನೆಯದು ಹೊಂಗೆ. ಅದರ ಕೊರಳಿಗೆ ನನ್ನ ಹೆಸರು ಬಿತ್ತು. ಮೊದಲ ವಾರ ಅದನ್ನು ನೋಡುವಾಗಲೆಲ್ಲ ಬೀದಿಯಲ್ಲಿ ಯಾರೋ ನನ್ನನ್ನು ಜೋರಾಗಿ ಕೂಗಿದಂತೆ ಮೈ ಮುದುಡುತ್ತಿತ್ತು.

ಆ ತಗಡುಗಳನ್ನು ಕಟ್ಟಿದ ರೀತಿಯನ್ನೂ ಹೇಳಬೇಕು. ವಿಮಾನದ ನಟ್ಟು ಅದುರಿ ಅದುರಿ ತಾನಾಗಿ ಸಡಿಲವಾಗದಂತೆ, ಅದರ ತೂತಿಗೆ ತೆಳು ಉಕ್ಕಿನ ತಂತಿ ಪೋಣಿಸಿ, ಎರಡೆಳೆ ಹುರಿಮಾಡಿ ಬಿಗಿಯುತ್ತಾರೆ. ಗಫೂರ್ ಅಂಕಲ್ ಅರವತ್ತೆರಡು ಗಿಡಗಳಿಗೂ ಅದೇ ಹುರಿ ಹಾಕಿದರು. ಎಷ್ಟು ಚೆಂದದ ಹುರಿ! ನಾನು ಒಂದೊಂದನ್ನೂ ಎಳೆದು ನೋಡಿ "ಬಿಗಿ ಇದೆ" ಎಂದೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ಬೇವು ಕಾರಣವಿಲ್ಲದೆ ಒಣಗಿತು, ಮರುವಾರ ಇನ್ನೊಂದು. ಅವರು ಮಂಡಿಯೂರಿ ಕಾಂಡದ ಮೇಲೆ ಬೆರಳಾಡಿಸಿದರು. ತಂತಿ ಕಾಣಲಿಲ್ಲ. ಅದು ತೊಗಟೆಯೊಳಗೆ ಹೂತುಹೋಗಿ ಗಿಡದ ಕತ್ತು ಹಿಸುಕಿತ್ತು.

"ಯಾ ಅಲ್ಲಾ," ಎಂದರು. "ನಟ್ಟು ಬೆಳೆಯಲ್ಲ ಬೇಟಾ. ಮರ ಬೆಳೀತದೆ. ಬೆಳೆಯದೇ ಇರೋ ಸಾಮಾನು ನೋಡೀ ನೋಡೀ ನಂಗದು ಮರ್ತೇ ಹೋಯ್ತು."

ಆ ಎರಡು ದಿನ ಅವರು ಊಟ ಮಾಡಿದರೋ ಇಲ್ಲವೋ. ಒಂದೊಂದೇ ಗಿಡದ ತಂತಿಯನ್ನು ತೊಗಟೆ ಬಿಡಿಸಿ ಕತ್ತರಿಸಿದರು. ಬದಲಿಗೆ ಸ್ಪ್ರಿಂಗಿನಂತೆ ಸುತ್ತಿದ, ಕಾಂಡ ದಪ್ಪವಾದಂತೆ ತಾನೂ ಹಿಗ್ಗುವ ಸಡಿಲ ಬಳೆ ಮಾಡಿ ಹಾಕಿದರು. ಒಣಗಿದ ಎರಡರ ಜಾಗದಲ್ಲಿ ಹೊಸ ಬೇವು ಬಂತು. ನನ್ನ ಹೊಂಗೆ ಉಳಿಯಿತು. ಅದರ ಸುತ್ತ ಉಂಗುರದಂಥ ಗಾಯ ಉಳಿಯಿತು. ಬಿಗಿ ಇದೆ ಎಂದು ಒಪ್ಪಿಗೆ ಕೊಟ್ಟವಳು ನಾನು ಎಂಬುದನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ನಾಲ್ಕನೆಯ ವರ್ಷ, ಮರಗಳು ನನ್ನ ತಲೆ ದಾಟಿ ನೆರಳು ಕೊಡತೊಡಗಿದಾಗ, ಒಂದು ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಹಳದಿ ಶರ್ಟಿನವನೊಬ್ಬ ಇಳಿದ. ಇನ್ನಿಬ್ಬರು ಕಾರಿನಲ್ಲೇ ಕೂತಿದ್ದರು. ಅವನು ಮರಗಳನ್ನು ಮುಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ. ಮೊದಲ ಮರದಿಂದ ಹಿಡಿದು ಒಂದೊಂದೇ ತಗಡನ್ನು ಬೆರಳಿಂದ ತಿರುಗಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತ ಹೋದ. ಬಸ್ಸಿಗೆ ಹೊರಟಿದ್ದ ನಾನು ರಸ್ತೆಯ ಆಚೆ ನಿಂತು ನೋಡಿದೆ. ಮೂವತ್ತೈದು. ಮೂವತ್ತಾರು. ಮೂವತ್ತೇಳರ ಬಳಿ ಅವನು ತುಸು ಬಗ್ಗಿದ.

ಮೂರು ದಿನದ ನಂತರ, ಮಧ್ಯಾಹ್ನ, ಅವನು ನಮ್ಮ ಗೇಟು ತೆರೆದು ನಿಂತಿದ್ದ. ಅಂದು ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಮ್ಮ ಮಲಗಿದ್ದಳು.

"ಮೇಡಂ, ಮೂವತ್ತೇಳನೇ ನಂಬರ್ ಮರ ನಿಮ್ದಲ್ವಾ?"

ನಾನು ಮನೆಯ ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡೆ.

"ಹೊಂಗೆ. ಚೆನ್ನಾಗಿ ಬಂದಿದೆ. ನಾವು ಆ ಜಾಗದೋರು ಮೇಡಂ, ನಮ್ ಹತ್ರ ಹಳೇ ಪತ್ರ ಇದೆ. ನೀವು ಎಂಟೂಕಾಲಿನ ಬಸ್ಸಿಗೆ ಹೋಗ್ತೀರಲ್ವಾ? ಆಮೇಲೆ ಅಮ್ಮ ಒಬ್ರೇ ಇರ್ತಾರೆ." ಅವನ ದನಿಯಲ್ಲಿ ಕಾಳಜಿಯೇ ಇತ್ತು. "ಮಳೆಗಾಳಿಗೆ ಮರ ಬೀಳ್ತವೆ. ಬಿದ್ರೆ ಬೇಜಾರ್ ಮಾಡ್ಕೋಬೇಡಿ. ಅಷ್ಟೇ ಹೇಳೋಕ್ ಬಂದೆ."

ಹೋಗುವಾಗ ಗೇಟನ್ನು ತಾನೇ ಎಳೆದು ಚಿಲಕ ಹಾಕಿದ. ಒಮ್ಮೆ ಅಲುಗಾಡಿಸಿ ನೋಡಿದ. "ಚಿಲಕ ಸಡಿಲ ಇದೆ ಮೇಡಂ. ಸರಿ ಮಾಡಿಸ್ಕೊಳ್ಳಿ."

ಅಮ್ಮನಿಗೆ ಹೇಳಬಾರದು ಎಂದುಕೊಂಡಿದ್ದೆ. ನನ್ನ ಮುಖ ನೋಡಿ ಅವಳೇ ಎಲ್ಲ ಬಾಯಿಬಿಡಿಸಿದಳು. "ನಾಳೆನೇ ಹೋಗಿ ಆ ತಗಡು ಬಿಚ್ಕೊಂಡ್ ಬಾ," ಎಂದಳು. "ಇರೋರು ಇಬ್ರು. ನಮ್ಗೆ ಬೇಕಾ ಇದು?"

ಅವನು ಎಲ್ಲರ ಮನೆಗೂ ಹೋಗಿದ್ದ, ಎಲ್ಲರ ಬಳಿಯೂ ಅಷ್ಟೇ ಮೃದುವಾಗಿ ಮಾತಾಡಿದ್ದ. ಬೀದಿಯ ಗಿಡಗಳ ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಹೊರಬಿದ್ದರು. ಮೊದಲು ಹೋದವರು ಜಯಲಕ್ಷ್ಮಿ ಆಂಟಿ. ಗೇಟಿನ ಬಳಿ ಸಿಕ್ಕಾಗ ನನ್ನ ಮುಖ ನೋಡದೆ ಹೇಳಿದರು: "ನನ್ ಮಗ್ಳು ಟ್ಯೂಷನ್‌ಗೆ ಯಾವ್ ದಾರೀಲಿ ಹೋಗ್ತಾಳೆ ಅಂತ ಹೇಳ್ದ ಕಣೇ. ಪೂರ್ತಿ ಹೆಸ್ರು ಹೊಡೀರಿ ಅಂತ ಮೆರೆದೆ ನೋಡು, ನನ್ ಬಾಯಿಗೆ ಹುಳ ಬೀಳ."

ಮರುದಿನ ಬೆಳಕು ಹರಿಯುವಾಗಲೇ ಇಕ್ಕಳ ಹಿಡಿದು ಹೋದೆ. ಅರ್ಧಕ್ಕಿಂತ ಹೆಚ್ಚು ಮರಗಳ ಕೊರಳು ಆಗಲೇ ಬರಿದಾಗಿದ್ದವು. ಹೊಂಗೆಯ ಬಳಿ ನಿಂತು ತಂತಿಗೆ ಇಕ್ಕಳ ಹಾಕಿದೆ.

"ಕೊಡು ಇಲ್ಲಿ," ಎಂದಿತು ಹಿಂದಿನಿಂದ ಒಂದು ದನಿ. "ನಿನ್ನ ಕೈ ನಡುಗ್ತಿದೆ. ತೊಗಟೆಗೆ ಏಟಾಗ್ತದೆ."

ಗಫೂರ್ ಅಂಕಲ್ ನನ್ನ ತಗಡನ್ನು ತಾವೇ ಕತ್ತರಿಸಿ, ಅಂಗಿಯ ತುದಿಯಿಂದ ಒರೆಸಿ, ನನ್ನ ಕೈಯಲ್ಲಿಟ್ಟರು. ನಾನು ಏನೋ ಹೇಳಲು ಹೋದೆ. ಅವರು ತಲೆಯಾಡಿಸಿದರು.

"ನಕ್ಕೋ, ಏನೂ ಹೇಳ್ಬೇಡ ಬೇಟಾ. ಇದು ನನ್ನ ತಪ್ಪು. ವಿಮಾನದೊಳಗಿನ ಹೆಸರು ಓದೋರು ನಮ್ಮೋರೇ. ಇದು ಬೀದಿ. ಬೀದೀಲಿ ಹೆಸರು ಯಾರು ಓದ್ತಾರೆ ಅಂತ ನಾನು ಹೆದ್ರಲೇ ಇಲ್ಲ. ಹೆದರ್ಬೇಕಿತ್ತು."

ಆ ವಾರವಿಡೀ ಅವರ ಮನೆಯ ಹಿಂದಿನಿಂದ ಟಣ್, ಟಣ್ ಸದ್ದು. ಭಾನುವಾರ ನನ್ನನ್ನು ಕರೆದರು, "ಬಾ, ಚೆಕ್ ಮಾಡು." ಅರವತ್ತೆರಡು ಮರಗಳಿಗೂ ಹೊಸ ತಗಡು. ಒಂದರಿಂದ ಅರವತ್ತೆರಡರವರೆಗೆ ನಂಬರುಗಳು, ಎಲ್ಲದರ ಮೇಲೂ ಒಂದೇ ಹೆಸರು: ಗಫೂರ್. ಒಂದೇ ಮನೆಯ ನಂಬರು.

"ಇನ್ನು ಅವ್ನು ಬೇರೆ ಯಾರ ಮನೆಗೂ ಹೋಗಲ್ಲ," ಎಂದರು.

"ನಿಮಗೆ ಭಯ ಆಗಲ್ವಾ ಅಂಕಲ್?"

ಅವರು ಹತ್ತಿರದ ತಗಡನ್ನು ತಿರುಗಿಸಿ ತೋರಿಸಿದರು. ಎರಡನೆಯ ಅಕ್ಷರ ಸೊಟ್ಟಗಿತ್ತು. ಅದರ ಪಕ್ಕದಲ್ಲಿ ಜಾರಿದ ಏಟಿನ ಗುರುತು. "ಹಿಂದೆ ಬೇರೆಯೋರು ಹಿಂಗೆ ಹೊಡ್ಕೊಂಡ್ ಬಂದ್ರೆ ವಾಪಸ್ ಕಳಿಸ್ತಿದ್ದೆ. ನೋಡು ನನ್ ಅವಸ್ಥೆ."

ಅರವತ್ತೆರಡನ್ನೂ ನೋಡಿದೆ. ಹನ್ನೊಂದರಲ್ಲಿ ಅಕ್ಷರ ಸೊಟ್ಟಗಿತ್ತು. ಬಾಯಲ್ಲಿ ಮಾತ್ರ "ಸರಿ ಇದೆ" ಎಂದೆ. ಎರಡನೆಯ ಕಣ್ಣಾಗಿ ನಾನು ಹೇಳಿದ ಮೊದಲ ಸುಳ್ಳು ಅದು.

ಹಳದಿ ಶರ್ಟಿನವನು ನಿಜವಾಗಿಯೂ ಬೇರೆ ಮನೆಗಳಿಗೆ ಬರುವುದನ್ನು ನಿಲ್ಲಿಸಿದ. ಹದಿನೈದು ದಿನ ಏನೂ ಆಗಲಿಲ್ಲ. ಒಂದು ಶುಕ್ರವಾರ, ಶಿವಾಜಿನಗರದ ಮಸೀದಿಗೆ ಹೊರಡುವ ಹೊತ್ತಿಗೆ, ಅವರು ನನ್ನನ್ನು ಸನ್ನೆ ಮಾಡಿ ಕರೆದರು. ಸ್ಕೂಟರು ಸ್ಟ್ಯಾಂಡಿನ ಮೇಲಿತ್ತು. ಹತ್ತುವ ಮೊದಲು ಅದರ ಬ್ರೇಕಿನ ತಂತಿಯನ್ನು ಬೆರಳಿಂದ ಸವರಿ ನೋಡುವುದು ಅವರ ನಿತ್ಯದ ಕ್ರಮ. ಬೀದಿಯ ಮಂದಿ ಅದಕ್ಕೂ ನಗುತ್ತಿದ್ದರು.

"ನೋಡು. ನಾನೊಬ್ನೇ ನೋಡಿದ್ರೆ ತಪ್ಪು ನೋಡ್ತೀನೇನೋ."

ಬಗ್ಗಿದೆ. ತಂತಿಯ ಅರ್ಧದಷ್ಟು ಎಳೆಗಳು ಒಂದೇ ಮಟ್ಟದಲ್ಲಿ, ನುಣ್ಣಗೆ ತುಂಡಾಗಿದ್ದವು. ಉಳಿದರ್ಧ ಹಾಗೆಯೇ ಇತ್ತು.

"ಸವೆದ್ರೆ ಒಂದೊಂದೆಳೆ ಒಂದೊಂದ್ ಕಡೆ ಹರೀತದೆ," ಎಂದರು ಪಿಸುದನಿಯಲ್ಲಿ. "ಇದು?"

"ಕಟರ್," ಎಂದೆ.

"ಹೌ." ಅವರು ಮೆಟ್ಟಿಲ ಮೇಲೆ ಕೂತರು. ಹಲಸೂರಿನ ಇಳಿಜಾರಿನಲ್ಲಿ, ಬಸ್ಸುಗಳ ನಡುವೆ, ಆ ಉಳಿದರ್ಧ ಹರಿದಿದ್ದರೆ? ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಅಂದು ಅವರು ತಲೆಯೆತ್ತಲಿಲ್ಲ, "ಇಳೀತು" ಎನ್ನಲಿಲ್ಲ.

ಕಾಕ್ಸ್ ಟೌನಿನಲ್ಲಿದ್ದ ಅವರ ಮಗಳು ಶಬಾನಾ ಬಂದು ದೂರು ಕೊಡಿಸಿದಳು. ಸಂಜೆ ಪೊಲೀಸರೊಬ್ಬರು ಬಂದು ಸ್ಕೂಟರು ನೋಡಿ ಬರೆದುಕೊಂಡರು. ನಾನು ನಮ್ಮ ಗೇಟಿನೊಳಗೆ ನಿಂತಿದ್ದೆ. ನಡುವೆ ಹದಿನೈದು ಅಡಿ ರಸ್ತೆ.

"ಇದನ್ನ ಬೇರೆ ಯಾರು ನೋಡಿದಾರೆ?" ಎಂದು ಪೊಲೀಸರು ಕೇಳಿದರು.

ಗಫೂರ್ ಅಂಕಲ್ ನನ್ನ ಕಡೆ ತಿರುಗಲೇ ಇಲ್ಲ. "ಯಾರೂ ಇಲ್ಲ ಸಾರ್," ಎಂದರು. "ನಾನೊಬ್ನೇ."

ಒಂದೇ ಕಣ್ಣು ನೋಡಿದ್ದನ್ನು ಜೀವನದಲ್ಲಿ ಒಪ್ಪದಿದ್ದ ಮನುಷ್ಯ. ನಾನು ಬಾಯಿ ತೆರೆಯಬಹುದಿತ್ತು. ಬೆನ್ನ ಹಿಂದೆ ಅಮ್ಮನ ಉಸಿರು ಕೇಳುತ್ತಿತ್ತು. ಕೈ ಚಿಲಕದ ಮೇಲಿತ್ತು. ತೆರೆಯಲಿಲ್ಲ.

ಮರುದಿನವೇ ಶಬಾನಾ ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಗೇಟಿನ ಚಿಲಕ ಹಾಕಿದವಳು ಅವಳು. ಆಟೋದಲ್ಲಿ ಕೂತ ಗಫೂರ್ ಅಂಕಲ್ ಒಮ್ಮೆ ಇಳಿಯಲು ಹೋದರು, ಅವಳು ತೋಳು ಹಿಡಿದು ಕೂರಿಸಿದಳು.

ನಾನು ಅವರನ್ನು ನೋಡಲು ಹೋದದ್ದು ಒಂದೇ ಸಲ, ನಾಲ್ಕು ತಿಂಗಳು ತಡವಾಗಿ. ಮೂರನೆಯ ಮಹಡಿಯ ಫ್ಲಾಟು, ಬಾಲ್ಕನಿಯಲ್ಲಿ ಒಂದೇ ಒಂದು ಕರಿಬೇವಿನ ಕುಂಡ. ಅದಕ್ಕೂ ಸಣ್ಣ ತಗಡು, ನಂಬರು ಒಂದು. ತುಂಬಾ ಇಳಿದುಹೋಗಿದ್ದರು. ಶಬಾನಾ ಬೇಕರಿಯಿಂದ ತಂದ ದಿಲ್‌ಪಸಂದ್ ಕತ್ತರಿಸಿ ಕೊಟ್ಟಳು. ಅವರು ಒಂದು ಚೂರು ಹಿಡಿದುಕೊಂಡೇ ಕೂತಿದ್ದರು, ತಿನ್ನಲಿಲ್ಲ.

"ಮೂವತ್ತೇಳು ಹೇಗಿದೆ?" ಎಂದರು.

"ಹೂ ಬಿಟ್ಟಿದೆ ಅಂಕಲ್. ಜಾಗದ ವಿಷಯ ಕೋರ್ಟಿಗೆ ಹೋಗಿದೆಯಂತೆ. ಸದ್ಯ ಯಾರೂ ಕಡಿಯೋ ಹಾಗಿಲ್ಲ." ಆಮೇಲೆ, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ: "ಅವತ್ತು ನಾನೂ ನೋಡಿದೀನಿ ಅಂತ ಹೇಳ್ಬೇಕಿತ್ತು. ಹೆದ್ರಿಬಿಟ್ಟೆ."

"ಹೆದ್ರೋದು ತಪ್ಪಲ್ಲಮ್ಮಾ. ನಾನು ಹೆದ್ರಿದ್ದಕ್ಕೇ ಬದುಕಿದೀನಿ." ಕರಿಬೇವಿನ ತಗಡನ್ನು ಬೆರಳಿಂದ ಸರಿಮಾಡಿದರು. "ಹೆದ್ರಿಕೆ ಆದ್ರೆ ವಾಪಸ್ ಬಂದು ಇನ್ನೊಂದ್ಸಲ ನೋಡ್ಬೇಕು. ಅಷ್ಟೇ ಅದರ ಕೆಲಸ. ನೀನು ತಡವಾಗಿ ಬಂದೆ, ಆದ್ರೆ ಬಂದೆ."

ಹೊರಡುವಾಗ ಅಚ್ಚುಗಳ ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಹಾಕಿದರು. ಏನು ಮಾಡಬೇಕೆಂದು ಹೇಳಲಿಲ್ಲ.

ಮಳೆಗಾಲದ ಮೊದಲೇ ಅವರು ತೀರಿಕೊಂಡರು. ಖಾಲಿಯಾದ ವಾಟ್ಸಾಪ್ ಗುಂಪಿನಲ್ಲಿ ಉಳಿದಿದ್ದ ನಾಲ್ವರಿಗೆ ಶಬಾನಾ ಎರಡು ಸಾಲು ಬರೆದಿದ್ದಳು. ಅವಳ ಜೊತೆ ಠಾಣೆಗೆ ಹೋಗಿ, ಆ ಶುಕ್ರವಾರ ನಾನು ಕಂಡದ್ದನ್ನು ಬರೆದುಕೊಟ್ಟೆ. ಕೆಳಗೆ ಹೆಸರು, ಮನೆಯ ನಂಬರು. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತು ತಗಡು ಹೊಡೆದೆ. ಎರಡು ಅಕ್ಷರ ಸೊಟ್ಟಗಾದವು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹೊರಟಾಗ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು. ಗಾಯದ ಉಂಗುರವಿರುವ ಹೊಂಗೆಗೆ, ಗಫೂರ್ ಅಂಕಲ್ ಹೆಸರಿನ ಕೆಳಗೆ, ನನ್ನದನ್ನು ಕಟ್ಟಿದೆ. ಅಮ್ಮ ಬೆರಳು ತೂರಿಸಿ ತಂತಿಯನ್ನು ಎಳೆದಳು.

"ಸಡಿಲ ಇದೆಯಲ್ಲೇ."

"ಇರ್ಬೇಕಮ್ಮಾ. ಬೆಳೀತದೆ."

ಅವಳು ಇನ್ನೊಮ್ಮೆ ಎಳೆದು ನೋಡಿ, ತಗಡನ್ನು ಒರೆಸಿ, ಹೆಸರು ರಸ್ತೆಗೆ ಕಾಣುವಂತೆ ತಿರುಗಿಸಿದಳು. ರಸ್ತೆಯ ಆಚೆ ಒಂದು ಕಾರು ನಿಂತಿತ್ತು. ಅದರೊಳಗೆ ಯಾರಿದ್ದರೆಂದು ಕಾಣಲಿಲ್ಲ. ನಾವಿಬ್ಬರೂ ಓಡದೆ ನಡೆದು ಬಂದೆವು.

ಅಮ್ಮನನ್ನು ಮನೆಗೆ ಬಿಟ್ಟು, ಎಂಟೂಕಾಲಿನ ಬಸ್ಸಿಗೆ ಹೊರಟೆ. ಗೇಟು ಎಳೆದು ಚಿಲಕ ಹಾಕಿದೆ. ಹತ್ತು ಹೆಜ್ಜೆ ನಡೆದೆ. ನಿಂತೆ. ತಿರುಗಿ ಬಂದೆ.